ಡೈ ಮಾಡಿಸುವ ಮುನ್ನ ಒಂದು ಮಾದರಿ

ಸಾಕಿನಾಕಾದಿಂದ ವಸಯಿಯವರೆಗೆ ಇಂಡಸ್ಟ್ರಿಯಲ್ ಎಸ್ಟೇಟುಗಳ ಗಾಳಾಗಳಲ್ಲಿ ಸಣ್ಣ ಉದ್ಯಮ ನಡೆಸುವವರು ಬಹಳ ಮಂದಿ. ನಮ್ಮ ಕನ್ನಡಿಗರೂ ಅವರಲ್ಲಿದ್ದಾರೆ. ಅಂಥವರೊಬ್ಬರು ಮಿಕ್ಸರ್ ಜಾರಿಗೆ ಹೊಸ ಬಗೆಯ ಮುಚ್ಚಳ ಮಾಡಲು ಹೊರಟಿದ್ದಾರೆ ಎಂದಿಟ್ಟುಕೊಳ್ಳೋಣ. ಕಂಪ್ಯೂಟರಿನಲ್ಲಿ ವಿನ್ಯಾಸ ಸಿದ್ಧವಾಯಿತು. ಬ್ಯಾಂಕಿನಲ್ಲಿ ಸಾಲ ಮಾಡಿ ಉಕ್ಕಿನ ಡೈ ಮಾಡಿಸಿದರು. ಮೊದಲ ಮುಚ್ಚಳ ಹೊರಬಂತು. ಆದರೆ ಅದು ಜಾರಿನ ಮೇಲೆ ಕೂರುವುದೇ ಇಲ್ಲ! ಡೈಯ ಉಕ್ಕನ್ನು ಇನ್ನಷ್ಟು ಕೊರೆಯುವುದು ಸುಲಭ. ಕೊರೆದು ತೆಗೆದ ಜಾಗವನ್ನು ಮತ್ತೆ ತುಂಬುವುದು ಬಲು ದುಬಾರಿ. ಕೆಲವೊಮ್ಮೆ ಡೈಯನ್ನೇ ಗುಜರಿಗೆ ಹಾಕಬೇಕಾಗುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಈ ನಷ್ಟವನ್ನು ತಪ್ಪಿಸಲು ಇರುವ ಉಪಾಯವೇ ರಾಪಿಡ್ ಪ್ರೊಟೊಟೈಪಿಂಗ್, ಅಂದರೆ ಶೀಘ್ರವಾಗಿ ಮಾದರಿ ತಯಾರಿಸುವ ವಿಧಾನ. ಕಂಪ್ಯೂಟರಿನ ವಿನ್ಯಾಸವನ್ನು ತೆಳ್ಳಗಿನ ಪದರಗಳಾಗಿ ವಿಂಗಡಿಸಿ, ಯಂತ್ರವು ಒಂದರ ಮೇಲೊಂದು ಪದರವನ್ನು ಕಟ್ಟುತ್ತಾ ಹೋಗುತ್ತದೆ. ಡೈ ಬೇಕಾಗಿಲ್ಲ. ಅಮೆರಿಕದ ಚಕ್ ಹಲ್ ಅವರಿಗೆ 1986ರಲ್ಲಿ ಇಂಥ ಒಂದು ವಿಧಾನಕ್ಕೆ ಪೇಟೆಂಟ್ ದೊರೆಯಿತು. ಯಂತ್ರವನ್ನು ನಾವೇ ಕೊಳ್ಳಬೇಕೆಂದೂ ಇಲ್ಲ. ಫೈಲ್ ಕಳುಹಿಸಿದರೆ ಮಾದರಿ ಮಾಡಿಕೊಡುವ ಸೇವಾ ಸಂಸ್ಥೆಗಳು ನಮ್ಮ ನಗರದಲ್ಲೇ ಇವೆ. ಚಿಕ್ಕ ಭಾಗಗಳು ಕೆಲವೇ ದಿನಗಳಲ್ಲಿ ಕೈಗೆ ಬರುತ್ತವೆ.

ಮುಂಬಯಿಗೆ ಈ ವಿದ್ಯೆ ಹೊಸದಲ್ಲ. ಇಲ್ಲಿ ಅದಕ್ಕೆ ಮೊದಲು ಆಸರೆ ಕೊಟ್ಟವರಲ್ಲಿ ಆಭರಣದವರು ಮುಖ್ಯರು. ಉಂಗುರದ ಮೇಣದ ಮಾದರಿಯನ್ನು ಯಂತ್ರದಿಂದ ಮಾಡಿಸಿ, ಅದರ ಸುತ್ತ ಅಚ್ಚು ಕಟ್ಟಿ, ಮೇಣವನ್ನು ಕರಗಿಸಿ ತೆಗೆದು ಚಿನ್ನ ಎರೆಯುವ ಪದ್ಧತಿ ಅವರದು. ಪವಾಯಿಯ ಐಐಟಿಯಲ್ಲಿ ಪ್ರೊ. ಬಿ. ರವಿ ಅವರ ಮುಂದಾಳುತನದಲ್ಲಿ ಬೆಳೆದ ‘ಬೆಟಿಕ್’ ಕೇಂದ್ರದಲ್ಲಿ ವೈದ್ಯರೂ ಇಂಜಿನಿಯರರೂ ಒಟ್ಟಿಗೆ ಕುಳಿತು ವೈದ್ಯಕೀಯ ಉಪಕರಣಗಳ ಮಾದರಿ ಮಾಡುತ್ತಾರೆ, ಪರೀಕ್ಷಿಸುತ್ತಾರೆ, ತಿದ್ದುತ್ತಾರೆ. ಅಲ್ಲಿ ರೂಪುಗೊಂಡ ಡಿಜಿಟಲ್ ಸ್ಟೆತೊಸ್ಕೋಪು 2020ರ ಕೋವಿಡ್ ಕಾಲದಲ್ಲಿ ರೋಗಿಯಿಂದ ದೂರ ನಿಂತೇ ಎದೆಬಡಿತ ಕೇಳಲು ವೈದ್ಯರಿಗೆ ನೆರವಾಯಿತು. ಇದೇ ರವಿ ಅವರು 2023ರಲ್ಲಿ ನಮ್ಮ ಸುರತ್ಕಲ್‌ನ ಎನ್‌ಐಟಿಕೆಯ ನಿರ್ದೇಶಕರಾದರು.

ಸರಿ, ಸೇವಾ ಸಂಸ್ಥೆಗೆ ಹೋಗುವಾಗ ಏನನ್ನು ಗಮನಿಸಬೇಕು?

ಮೊದಲನೆಯದು, ಮಾದರಿ ಯಾತಕ್ಕೆ ಎಂಬುದು ನಮಗೆ ಸ್ಪಷ್ಟವಿರಬೇಕು. ಗಿರಾಕಿಗೆ ತೋರಿಸಲಿಕ್ಕಾದರೆ ದ್ರವರೂಪದ ರಾಳವನ್ನು ಬೆಳಕಿನಿಂದ ಗಟ್ಟಿ ಮಾಡುವ ವಿಧಾನ ಒಳ್ಳೆಯದು; ಮೈ ನುಣುಪಾಗಿ ಬರುತ್ತದೆ, ಆದರೆ ಬೇಗ ಮುರಿಯಬಹುದು. ಅಳತೆ, ಆಕಾರ ನೋಡಲಿಕ್ಕೆ ಮಾತ್ರವಾದರೆ, ಚಕ್ಕುಲಿ ಒರಳಿನಿಂದ ಹಿಟ್ಟು ಬರುವಂತೆ ಕರಗಿದ ಪ್ಲಾಸ್ಟಿಕನ್ನು ಎಳೆಯಾಗಿ ಹರಿಸುವ ಅಗ್ಗದ ವಿಧಾನ ಸಾಕು. ಒತ್ತಿ, ಬಾಗಿಸಿ, ಕೊಂಡಿ ಹಾಕಿ ತೆಗೆದು ಪರೀಕ್ಷಿಸಬೇಕಾದರೆ ನೈಲಾನ್ ಪುಡಿಯನ್ನು ಲೇಸರಿನಿಂದ ಬೆಸೆಯುವ ವಿಧಾನ ಲೇಸು. ಹತ್ತಿಪ್ಪತ್ತು ಪ್ರತಿಗಳು ಬೇಕಿದ್ದರೆ ಒಂದು ಮಾದರಿಯಿಂದ ಸಿಲಿಕೋನ್ ಅಚ್ಚು ತೆಗೆದು ಎರಕ ಹೊಯ್ಯಿಸಬಹುದು.

ಎರಡನೆಯದು, ಮಾದರಿಯ ಮಾತನ್ನು ಪೂರ್ತಿ ನಂಬಬಾರದು. ಪದರಗಳಿಂದ ಕಟ್ಟಿದ ವಸ್ತು ಪದರದ ಗೆರೆಯಲ್ಲೇ ಸೀಳಬಹುದು. ಡೈಯಲ್ಲಿ ತಯಾರಾದ ಪ್ಲಾಸ್ಟಿಕು ತಣಿಯುವಾಗ ಕುಗ್ಗುತ್ತದೆ; ಆ ಕುಗ್ಗುವಿಕೆ ಮಾದರಿಯಲ್ಲಿ ಕಾಣುವುದಿಲ್ಲ. ಆದ್ದರಿಂದ ಡೈ ಮಾಡುವವರನ್ನೂ ಮೊದಲೇ ಕರೆದು ಮಾದರಿ ತೋರಿಸಿ. ಗೋಡೆಯ ದಪ್ಪ ಎಲ್ಲೆಡೆ ಸಮನಾಗಿದೆಯೇ, ಭಾಗ ಡೈಯಿಂದ ಸಲೀಸಾಗಿ ಕಳಚಿ ಬರುತ್ತದೆಯೇ ಎಂದು ಅವರು ಹೇಳಬಲ್ಲರು. ಮುಚ್ಚಳವನ್ನು ಮನೆಯ ಹೆಂಗಸರ ಕೈಗೂ ಕೊಡಿ. ಒದ್ದೆ ಕೈಯಲ್ಲಿ ಅದು ಜಾರುತ್ತದೆಯೇ ಎಂಬುದು ಅಡುಗೆಮನೆಯಲ್ಲಿ ತಿಳಿಯುವಷ್ಟು ಕಂಪ್ಯೂಟರಿನ ಪರದೆಯ ಮೇಲೆ ತಿಳಿಯದು.

ಮೂರನೆಯದು, ವಿನ್ಯಾಸದ ರಕ್ಷಣೆ. ಫೈಲ್ ಕೊಡುವ ಮೊದಲು ಗೋಪ್ಯತೆಯ ಕರಾರಿಗೆ ಸಹಿ ಮಾಡಿಸಿಕೊಳ್ಳಿ. ನಿಮ್ಮದು ನಿಜವಾಗಿಯೂ ಹೊಸ ಶೋಧವಾದರೆ ಅದನ್ನು ಪ್ರದರ್ಶನದಲ್ಲಿಡುವ ಮುನ್ನವೇ ಪೇಟೆಂಟಿಗೆ ಅರ್ಜಿ ಹಾಕಿ. ಬಹಿರಂಗವಾದ ಮೇಲೆ ಪೇಟೆಂಟ್ ಸಿಗುವುದು ಕಷ್ಟ. ತಾತ್ಕಾಲಿಕ ಅರ್ಜಿ ಹಾಕಿದರೆ ಪೂರ್ಣ ವಿವರ ಸಲ್ಲಿಸಲು 12 ತಿಂಗಳ ಕಾಲಾವಕಾಶವಿದೆ. ಮುಂಬಯಿಯ ಪೇಟೆಂಟ್ ಕಚೇರಿ ಆಂಟಾಪ್ ಹಿಲ್‌ನಲ್ಲಿದೆ.

ಮಾದರಿಗೆ ಖರ್ಚು ಮಾಡಿದ ಹಣ ದಂಡವೆಂದು ಹಲವರು ಭಾವಿಸುತ್ತಾರೆ. ಒಂದಲ್ಲ, ಮೂರು ಮಾದರಿಗಳು ಕೆಟ್ಟರೂ ಸಾಮಾನ್ಯವಾಗಿ ಅದು ಒಂದು ಡೈಯ ಬೆಲೆಗೆ ಸಮನಾಗುವುದಿಲ್ಲ. ಕಾವಲಿಯ ಹದ ನೋಡಲು ಹೊಯ್ದ ಮೊದಲ ದೋಸೆ ಕೆಟ್ಟಿತೆಂದು ನಮ್ಮ ಹೋಟೆಲಿನವರು ಯಾರೂ ಕೊರಗುವುದಿಲ್ಲ. ಆ ದೋಸೆಯಿಂದಲೇ ಮುಂದಿನ ನೂರು ದೋಸೆಗಳು ಸರಿಯಾಗಿ ಏಳುತ್ತವೆ.