ಕೆರೆ ತುಂಬಿದರೆ ಸಾಲದು, ತೂಬೂ ಬೇಕು

ದೇಶದ ಸಂಪತ್ತು ಹೆಚ್ಚಿದರೆ ಬಡತನ ತಾನಾಗಿಯೇ ಕಡಿಮೆಯಾಗುತ್ತದೆಯೆ? ಬೆಳೆಯುತ್ತಿರುವ ದೇಶಗಳ ಅರ್ಥವ್ಯವಸ್ಥೆಯನ್ನು ಕುರಿತು ಮಾತು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಹೌದೆನ್ನುವವರು ಚೀನಾದ ಕಡೆಗೆ ಬೆರಳು ತೋರಿಸುತ್ತಾರೆ. 1978ರ ಸುಧಾರಣೆಗಳ ನಂತರದ ನಾಲ್ಕು ದಶಕಗಳಲ್ಲಿ ಅಲ್ಲಿ ಸುಮಾರು 80 ಕೋಟಿ ಜನ ಕಡುಬಡತನದಿಂದ ಹೊರಬಂದರು ಎಂಬುದು ವಿಶ್ವಬ್ಯಾಂಕಿನ ಲೆಕ್ಕ. ಅಷ್ಟು ಸುಲಭವಲ್ಲ ಎನ್ನುವವರು ಅಷ್ಟು ದೂರ ಹೋಗಬೇಕಾಗಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆ ಸೀಮೆಯನ್ನು ನೋಡಿದರೆ ಸಾಕು.

ಬೂದಿಕೋಟೆ ಬಂಗಾರಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರ. ಹೈದರ್ ಅಲಿ ಹುಟ್ಟಿದ ಊರೆಂದು ಚರಿತ್ರೆಯ ಪುಸ್ತಕಗಳಲ್ಲಿ ಅದಕ್ಕೆ ಒಂದು ಸಾಲಿನ ಜಾಗವಿದೆ. ಅಲ್ಲಿಂದ ಕೆಲವೇ ಮೈಲಿಗಳ ದೂರದಲ್ಲಿ ಕೋಲಾರ ಚಿನ್ನದ ಗಣಿ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪೆನಿ ಅಲ್ಲಿ ಕೆಲಸ ಹಿಡಿದ ಮೇಲೆ ಒಂದು ಹೊಸ ಪಟ್ಟಣವೇ ಎದ್ದಿತು. ಬಂಗಾರಪೇಟೆಯಿಂದ ರೈಲು ಹಳಿ ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೂರು ವರ್ಷಗಳ ಮೇಲೆ. ಮೂವತ್ತು ಸಾವಿರಕ್ಕೂ ಹೆಚ್ಚು ಜನ ಅಲ್ಲಿ ಕೆಲಸ ಮಾಡಿದ ಕಾಲವಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ಹೊತ್ತಿಗೆ ಆ ನೆಲದಿಂದ 800 ಟನ್ನಿಗೂ ಮಿಕ್ಕಿದ ಚಿನ್ನ ಹೊರಬಂದಿತ್ತು.

ಆ ಚಿನ್ನ ಎಲ್ಲಿಗೆ ಹೋಯಿತು? ಬ್ರಿಟಿಷರ ಕಾಲದಲ್ಲಿ ಲಾಭಾಂಶ ಲಂಡನ್ನಿನ ಷೇರುದಾರರಿಗೆ, ರಾಜಧನ ಮೈಸೂರು ಸರ್ಕಾರದ ಬೊಕ್ಕಸಕ್ಕೆ, ಕೂಲಿ ಹೆಚ್ಚಾಗಿ ತಮಿಳು ಸೀಮೆಯಿಂದ ಬಂದ ಕಾರ್ಮಿಕರಿಗೆ. ಸುತ್ತಲಿನ ರೈತರಿಗೆ ಹಾಲು, ತರಕಾರಿ ಮಾರಲು ಒಂದು ಪೇಟೆ ಸಿಕ್ಕಿತು ನಿಜ. ಆದರೆ ಮಳೆ ಕೈಕೊಟ್ಟ ವರ್ಷ ರಾಗಿ ಹೊಲದ ಒಕ್ಕಲು ನಿಲ್ಲುತ್ತಿದ್ದುದು ಸಾಹುಕಾರನ ಬಾಗಿಲಲ್ಲೇ. ನೂರಕ್ಕೆ ತಿಂಗಳಿಗೆ ಐದು, ಕೆಲವೊಮ್ಮೆ ಹತ್ತು ರೂಪಾಯಿ ಬಡ್ಡಿ. ಗಣಿಯ ಅಭಿವೃದ್ಧಿ ಆ ಬಡ್ಡಿಯನ್ನು ಇಳಿಸಲಿಲ್ಲ.

ಇದನ್ನು ಕೋಲಾರದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಕೆರೆಗಳನ್ನೇ ನಂಬಿದ ಜಿಲ್ಲೆ ಅದು. ಕೆರೆ ತುಂಬಿದ ಮಾತ್ರಕ್ಕೆ ಗದ್ದೆಗೆ ನೀರು ಹರಿಯುವುದಿಲ್ಲ. ತೂಬು ಬೇಕು, ಕಾಲುವೆ ಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೋಡಿ ನೀರು ಬಿಡುವ ನೀರಗಂಟಿ ಬೇಕು. ದೇಶದ ಸಂಪತ್ತಿನ ವಿಷಯವೂ ಹೀಗೆಯೇ. ಬ್ಯಾಂಕುಗಳು ರಾಷ್ಟ್ರೀಕರಣವಾದದ್ದು 1969ರಲ್ಲಿ. ಆಮೇಲೆ ಹಳ್ಳಿಗಳಿಗೂ ಶಾಖೆಗಳು ಬಂದವು. ಆದರೆ ಜಮೀನಿನ ಪತ್ರವಿಲ್ಲದ, ಜಾಮೀನುದಾರರಿಲ್ಲದ, ಓದು ಬರಹವಿಲ್ಲದ ಕೂಲಿ ಹೆಂಗಸಿಗೆ ಬ್ಯಾಂಕಿನ ಮೆಟ್ಟಿಲು ಎತ್ತರವಾಗಿಯೇ ಉಳಿಯಿತು. ಅವಳಿಗೆ ಬೇಕಾದ ಸಾಲವೋ ಸಣ್ಣದು, ಮತ್ತೆ ಮತ್ತೆ ಬೇಕಾಗುವಂಥದು, ಇವತ್ತೇ ಬೇಕಾದದ್ದು. ಮಗುವಿಗೆ ಜ್ವರ ಬಂದಾಗ ಮೂರು ತಿಂಗಳು ಅರ್ಜಿಯ ಹಿಂದೆ ಅಲೆಯುವಂತಿಲ್ಲ.

ಈ ತೂಬನ್ನು ತೆರೆಯುವ ಒಂದು ದಾರಿ ಹೊಳೆದದ್ದು ಒಂದು ಸೋಲಿನಿಂದ. ಟಿಬೆಟ್ ನಿರಾಶ್ರಿತರಿಗೆ ನೆಲೆ ಕಲ್ಪಿಸಲು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಮುಂದೆ ಗ್ರಾಮಾಭಿವೃದ್ಧಿಗೆ ತೊಡಗಿತು. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರವೂ ಅದರ ಕೇಂದ್ರಗಳಲ್ಲಿ ಒಂದು. ಅದು ಬೆಂಬಲಿಸಿದ ದೊಡ್ಡ ಸಹಕಾರ ಸಂಘಗಳು 1984-85ರ ಸುಮಾರಿನಲ್ಲಿ ಒಡೆಯತೊಡಗಿದವು. ಮುಖಂಡರ ಮೇಲೆ ಸದಸ್ಯರಿಗೆ ನಂಬಿಕೆ ಉಳಿದಿರಲಿಲ್ಲ. ಆದರೆ ಪರಸ್ಪರ ನಂಬಿಕೆಯಿದ್ದವರು ಸಣ್ಣ ಸಣ್ಣ ಗುಂಪುಗಳಾಗಿ ಬೇರೆ ಕುಳಿತು, ಸಾಲವನ್ನು ಸಹಕಾರ ಸಂಘಕ್ಕಲ್ಲ, ತಮ್ಮ ಗುಂಪಿಗೇ ಮರಳಿಸುತ್ತೇವೆ ಎಂದರು. ಸಾಲಕ್ಕೆ ಆಧಾರ ಆಸ್ತಿಯೇ ಆಗಬೇಕಾಗಿಲ್ಲ, ಒಬ್ಬರನ್ನೊಬ್ಬರು ಬಲ್ಲವರ ಹೊಂದಿಕೆಯೂ ಆಧಾರವಾಗಬಲ್ಲದು ಎಂಬುದು ಆಗ ಕಂಡ ಸತ್ಯ.

ಈ ಸಂಘಗಳ ಕೆಲಸದ ರೀತಿ ಸರಳ. ಹದಿನೈದು ಇಪ್ಪತ್ತು ಮಂದಿ ಹೆಂಗಸರು ವಾರಕ್ಕೊಮ್ಮೆ ಸೇರುತ್ತಾರೆ. ಆರಂಭದ ದಿನಗಳಲ್ಲಿ ಒಬ್ಬೊಬ್ಬರ ಉಳಿತಾಯ ಒಂದೆರಡು ರೂಪಾಯಿ. ಕೂಡಿದ ಹಣದಿಂದ ಯಾರಿಗೆ ಸಾಲ, ಎಷ್ಟು ಬಡ್ಡಿ, ತಪ್ಪಿದರೆ ಏನು ದಂಡ ಎಂಬುದೆಲ್ಲ ಎಲ್ಲರೆದುರು ತೀರ್ಮಾನವಾಗಿ ಪುಸ್ತಕದಲ್ಲಿ ದಾಖಲಾಗುತ್ತದೆ. ಬಡ್ಡಿ ಇಲ್ಲಿಯೂ ಉಂಟು. ಆದರೆ ಅದು ಸಾಹುಕಾರನ ಮನೆಗೆ ಹೋಗದೆ ಸಂಘದ ಪೆಟ್ಟಿಗೆಗೇ ಮರಳುತ್ತದೆ. ಹೆಬ್ಬೆಟ್ಟು ಒತ್ತುತ್ತಿದ್ದವರು ಸಹಿ ಹಾಕಲು ಕಲಿತದ್ದು, ಗಂಡಸರೆದುರು ಲೆಕ್ಕ ಕೇಳಲು ಕಲಿತದ್ದು ಇಂಥ ಸಭೆಗಳಲ್ಲಿ.

ಆದರೆ ವಾರದ ಎರಡು ರೂಪಾಯಿಯಿಂದ ಹಸು ಬರುವುದಿಲ್ಲ. ಅದಕ್ಕೆ ಬ್ಯಾಂಕಿನ ಹಣವೇ ಬೇಕು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕಾಗಿ ಮೈರಾಡಕ್ಕೆ 10 ಲಕ್ಷ ರೂಪಾಯಿ ನೀಡಿತು. ಸಂಘ ನೋಂದಣಿಯಾಗಿರದಿದ್ದರೂ ಸಾಲ ಕೊಡುವುದು, ಅಡಮಾನ ಕೇಳದಿರುವುದು, ಒಬ್ಬೊಬ್ಬರ ಉದ್ದೇಶ ವಿಚಾರಿಸದೆ ಇಡೀ ಸಂಘಕ್ಕೆ ಒಂದೇ ಸಾಲ ಮಂಜೂರು ಮಾಡುವುದು: ಬ್ಯಾಂಕುಗಳು ಒಪ್ಪಬೇಕಾಗಿದ್ದ ಮೂರು ಮಾತು ಇವು. 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ಇದಕ್ಕೆ ಹಸಿರು ನಿಶಾನೆ ತೋರಿತು. ಅದೇ ಡಿಸೆಂಬರ್ 9ರಂದು ಮುದುಗುಳಿಯ ವೆಂಕಟೇಶ್ವರ ಮಹಿಳಾ ಸಂಘಕ್ಕೆ ವೈಶ್ಯ ಬ್ಯಾಂಕಿನ ಬಂಗಾರಪೇಟೆ ಶಾಖೆ ಸಾಲ ಮಂಜೂರು ಮಾಡಿತು. ಮರುವರ್ಷದ ಜನವರಿ 27ರಂದು ಬೋಡಗುರ್ಕಿಯ ಸರಸ್ವತಿ ಮಹಿಳಾ ಸಂಘಕ್ಕೆ ಕಾರ್ಪೊರೇಷನ್ ಬ್ಯಾಂಕು ಸಾಲ ನೀಡಿತು. ಈ ಎರಡನೆಯ ಶಾಖೆ ಇದ್ದದ್ದು ಆಂಡರ್ಸನ್‌ಪೇಟೆಯಲ್ಲಿ, ಚಿನ್ನದ ಗಣಿಯ ಊರಿನಲ್ಲಿಯೇ.

1991 ಎಂದೊಡನೆ ನೆನಪಾಗುವುದು ದೆಹಲಿಯ ಆರ್ಥಿಕ ಉದಾರೀಕರಣ. ಬಂಗಾರಪೇಟೆಯ ಈ ಮಂಜೂರಾತಿ ಯಾರ ಗಮನವನ್ನೂ ಅಷ್ಟಾಗಿ ಸೆಳೆಯಲಿಲ್ಲ. ಆದರೆ ಸ್ವಸಹಾಯ ಸಂಘಗಳಿಗೂ ಬ್ಯಾಂಕುಗಳಿಗೂ ಸೇತುವೆ ಕಟ್ಟಿದ ದೇಶವ್ಯಾಪಿ ಕಾರ್ಯಕ್ರಮದ ಮೊದಲ ಸಾಲಗಳು ಇವೇ. 1992ರಲ್ಲಿ ನಬಾರ್ಡ್ ಇಟ್ಟುಕೊಂಡಿದ್ದ ಗುರಿ ಕೇವಲ 500 ಸಂಘಗಳು. 2023ರ ಮಾರ್ಚ್ ವೇಳೆಗೆ ಬ್ಯಾಂಕಿನಲ್ಲಿ ಉಳಿತಾಯ ಖಾತೆಯಿದ್ದ ಸಂಘಗಳ ಸಂಖ್ಯೆ 1 ಕೋಟಿ 34 ಲಕ್ಷ.

ಬೂದಿಕೋಟೆಯಲ್ಲಿ ಇದರ ಮುಂದಿನ ಹೆಜ್ಜೆ ಬೇರೆಯೇ ರೂಪ ತಳೆಯಿತು. ಹಣದಂತೆಯೇ ಮಾಹಿತಿಯೂ ಬಡವರ ಮನೆಗೆ ತಾನಾಗಿ ಬರುವುದಿಲ್ಲ. ಈ ಶತಮಾನದ ಆರಂಭದಲ್ಲಿ ಯುನೆಸ್ಕೋ ನೆರವಿನಿಂದ ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಅಲ್ಲಿ 'ನಮ್ಮ ಧ್ವನಿ' ಕೇಂದ್ರವನ್ನು ಆರಂಭಿಸಿದವು. ಸಮುದಾಯಕ್ಕೆ ರೇಡಿಯೋ ಪರವಾನಗಿ ಸಿಗದಿದ್ದ ಕಾಲವಾದ್ದರಿಂದ ಊರಿನ ಕೇಬಲ್ ತಂತಿಯ ಮೂಲಕವೇ ಹಳ್ಳಿಯವರ ಮಾತು ಮನೆಮನೆಗೆ ಹೋಯಿತು. ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೋ ನಡೆಸಲು ಸರ್ಕಾರ ಅವಕಾಶ ಕೊಟ್ಟದ್ದು 2006ರಲ್ಲಿ.

ಹಾಗೆಂದು ಸಂಘಗಳಿಂದಲೇ ಬಡತನ ನೀಗಿತೆಂದು ಹೇಳಿದರೆ ಅದು ಉತ್ಪ್ರೇಕ್ಷೆ. ಭಾರತವೂ ಸೇರಿದಂತೆ ಆರು ದೇಶಗಳಲ್ಲಿ ಕಿರುಸಾಲದ ಪರಿಣಾಮವನ್ನು ಅಳೆದ ಅಧ್ಯಯನಗಳು 2015ರಲ್ಲಿ ಪ್ರಕಟವಾದವು. ಸಾಲದಿಂದ ಕೆಲವು ಅನುಕೂಲಗಳಿವೆ, ಆದರೆ ಸಾಮಾನ್ಯ ಕುಟುಂಬದ ಆದಾಯದಲ್ಲಿ ದೊಡ್ಡ ಬದಲಾವಣೆಯಾಗಲಿಲ್ಲ ಎಂಬುದು ಅವುಗಳ ಸಾರ. ಉಳಿತಾಯದ ಶಿಸ್ತಿಲ್ಲದೆ ಸಾಲ ಮಾತ್ರ ಹರಿದಾಗ ಏನಾಗುತ್ತದೆಂಬುದಕ್ಕೂ ಕೋಲಾರವೇ ಸಾಕ್ಷಿ. ಹಲವು ಕಿರುಸಾಲ ಕಂಪೆನಿಗಳಿಂದ ಒಟ್ಟಿಗೇ ಸಾಲ ಪಡೆದ ಕೋಲಾರ ಪಟ್ಟಣದ ಮಹಿಳೆಯರು 2009ರಲ್ಲಿ ಸಾಮೂಹಿಕವಾಗಿ ಕಂತು ಕಟ್ಟುವುದನ್ನು ನಿಲ್ಲಿಸಿದರು. ವಸೂಲಿಯ ಕಿರುಕುಳ ರಾಜ್ಯದಾದ್ಯಂತ ಸುದ್ದಿಯಾಗಿ, ಅದನ್ನು ತಡೆಯಲು 2025ರಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಸಂಘದ ಸಾಲಕ್ಕೂ ಕಂಪೆನಿಯ ಸಾಲಕ್ಕೂ ಇರುವ ವ್ಯತ್ಯಾಸ ಬಡ್ಡಿಯದು ಮಾತ್ರವಲ್ಲ; ತೀರ್ಮಾನ ಯಾರ ಕೈಯಲ್ಲಿದೆ ಎಂಬುದು.

ಇನ್ನೊಂದು ಮಿತಿಯೂ ಇದೆ. ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಸಾವಿರಾರು ಮಂದಿ ದಿನವೂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಿದ್ದಾರೆ. ಅವರ ಮನೆಯ ಒಲೆ ಉರಿಯುವುದು ಬೆಳೆಯುತ್ತಿರುವ ನಗರದ ಸಂಬಳದಿಂದ. ಸಂಘ ಹಸುವಿಗೆ ಸಾಲ ಕೊಡಬಲ್ಲದು. ಹಾಲು ಕೊಳ್ಳುವ ಪೇಟೆಯನ್ನೂ, ಓದಿದ ಮಗನಿಗೆ ಕೆಲಸವನ್ನೂ ಅದು ಸೃಷ್ಟಿಸಲಾರದು. ಬತ್ತಿದ ಕೆರೆಗೆ ಎಷ್ಟು ಒಳ್ಳೆಯ ತೂಬಿದ್ದರೂ ಪ್ರಯೋಜನವಿಲ್ಲ.

ಆದ್ದರಿಂದ ಅಭಿವೃದ್ಧಿಯೋ ಬಡತನ ನಿವಾರಣೆಯೋ ಎಂದು ಎರಡರಲ್ಲೊಂದನ್ನು ಆರಿಸುವ ವಾದವೇ ಸರಿಯಲ್ಲ. ರಾಷ್ಟ್ರೀಯ ಉತ್ಪನ್ನ ಶೇಕಡಾ ಎಷ್ಟು ಏರಿತೆಂದು ಪ್ರತಿವರ್ಷ ಲೆಕ್ಕ ಬರುತ್ತದೆ, ಬರಲಿ. ಅದರ ಜೊತೆಗೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಕೂಲಿ ಹೆಂಗಸೊಬ್ಬಳು ಇಂದು ತುರ್ತಿಗೆ ಸಾಲ ಪಡೆಯಬೇಕಾದರೆ ಯಾರ ಬಾಗಿಲಿಗೆ ಹೋಗುತ್ತಾಳೆ, ಎಷ್ಟು ಬಡ್ಡಿಗೆ? ಆ ಬಡ್ಡಿ ಇಳಿದಿದ್ದರೆ ಅಭಿವೃದ್ಧಿ ಅವಳ ಊರನ್ನು ಮುಟ್ಟಿದೆ ಎಂದು ಅರ್ಥ.