ನೀರಲ್ಲಿ ನಿಂತ ಗಾಡಿಗೆ ಕೀ ಹಾಕ್ಬೇಡಿ

ಮಳೆಗಾಲದಲ್ಲಿ ಗಾಡಿ ಎಲ್ಲಿ ನಿಲ್ಲಿಸಬೇಕು, ಇನ್ಶೂರೆನ್ಸ್ ಏನು ಕೊಡುತ್ತೆ, ಏನು ಕೊಡಲ್ಲ ಅನ್ನೋದು ಇವತ್ತಿನ ಮಾತು. ಬೋರ್ ವಿಷಯ ಅನ್ನಿಸಬಹುದು. ನನಗೂ ಹಾಗೇ ಅನ್ನಿಸ್ತಿತ್ತು, 2019ರ ಆಗಸ್ಟ್‌ವರೆಗೆ.

ಆಗ ಕೊಡಗಲ್ಲಿ ಮಳೆ ಜೋರಾಗಿ, ಕಾವೇರಿ ಉಕ್ಕಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ನೀರು ನುಗ್ಗಿತ್ತು. ಅಲ್ಲಿ ನಮ್ಮ ಸೋದರಮಾವನ ಮನೆ. ಪಕ್ಕದ ತಗ್ಗಲ್ಲಿ ಅವರ ಪಿಕಪ್ ನಿಂತಿತ್ತು. ಆಲೂಗಡ್ಡೆ, ಶುಂಠಿ ತುಂಬ್ಕೊಂಡು ಹಾಸನದ ಮಾರ್ಕೆಟ್ಟಿಗೆ ಹೋಗ್ತಿದ್ದ ಗಾಡಿ. ಮನೆ ನಡೀತಿದ್ದಿದ್ದೇ ಅದರಿಂದ. ಜನ, ದನ, ಅಕ್ಕಿ ಮೂಟೆ ಮೇಲಕ್ಕೆ ಸಾಗಿಸೋ ಹೊತ್ತಿಗೆ ರಸ್ತೆಗೇ ನೀರು ಬಂದಿತ್ತು. ‘ಇನ್ಶೂರೆನ್ಸ್ ಇದೆಯಲ್ಲ ಬಿಡು’ ಅಂತ ಗಾಡಿ ಅಲ್ಲೇ ಬಿಟ್ವಿ. ನೀರು ಇಳಿದ ಮೇಲೆ ಮಾವ, ‘ಸ್ಟಾರ್ಟ್ ಆಗುತ್ತಾ ನೋಡೋ’ ಅಂದ್ರು. ಕೀ ತಿರುಗಿಸಿದ್ದು ನಾನು. ಕಟ್ ಅಂತ ಒಂದು ಸದ್ದು. ಅಷ್ಟೇ.

ಆಗಿದ್ದು ಏನು ಅಂದ್ರೆ, ಗಾಳಿ ಎಳ್ಕೊಳ್ಳೋ ದಾರೀಲಿ ನೀರು ಸಿಲಿಂಡರ್ ಒಳಗೆ ಸೇರಿತ್ತು. ಗಾಳಿಯನ್ನ ಒತ್ತಬಹುದು, ನೀರನ್ನ ಒತ್ತೋಕಾಗಲ್ಲ. ಪಿಸ್ಟನ್ ಮೇಲೆ ಬಂದು ನೀರಿಗೆ ಹೊಡೆದಾಗ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತೆ. ಮೆಕ್ಯಾನಿಕ್‌ಗಳು ಇದನ್ನ ಹೈಡ್ರೋಲಾಕ್ ಅಂತಾರೆ.

ಸರ್ವೇಯರ್ ಬಂದು ನೋಡಿಹೋದ್ರು. ಸೀಟು, ವೈರಿಂಗ್ ರಿಪೇರಿಗೆ ದುಡ್ಡು ಬಂತು, ಎಂಜಿನ್ನಿಗೆ ಬರಲಿಲ್ಲ. ನೀರು ಬಂದಿದ್ದು ಪ್ರವಾಹ. ಎಂಜಿನ್ ಹೋಗಿದ್ದು ಆಮೇಲೆ ಕೀ ತಿರುಗಿಸಿದ್ದಕ್ಕೆ, ಅದು ‘ಪರಿಣಾಮವಾಗಿ ಆದ ನಷ್ಟ’ ಅಂತ ಪತ್ರ ಬಂತು. ಪಾಲಿಸಿ ತೆಗೆದು ನೋಡಿದ್ರೆ ಸಣ್ಣ ಅಕ್ಷರದಲ್ಲಿ ಅದೇ ಮಾತು ಅಚ್ಚಾಗಿತ್ತು. ಎಂಜಿನ್ ಬಿಚ್ಚಿಸಿ ಮಾಡಿಸೋಕೆ ಅತ್ತೆಯ ಬಳೆ ಗಿರವಿಗೆ ಹೋಯ್ತು. ಮಾವ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ರೆ ಒಳ್ಳೇದಿತ್ತು.

ಈಗ ಸಮುದ್ರದ ಕಡೆ ನೋಡಿ. ಮಲ್ಪೆ, ಮಂಗಳೂರಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿಗಳು ಬಂದರಿಗೆ ಬರ್ತವೆ, ಬಲೆ ಇಳಿಸ್ತಾರೆ, ಎಂಜಿನ್ ರಿಪೇರಿ, ಬಣ್ಣ ಎಲ್ಲಾ ಆಗ್ಲೇ. ಆ ಕಡೆ ಕೆರಿಬಿಯನ್ ಸಮುದ್ರದಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಅಲ್ಲಿನ ಎಷ್ಟೋ ವಿಹಾರದೋಣಿ ಪಾಲಿಸಿಗಳಲ್ಲಿ, ಆ ತಿಂಗಳುಗಳಲ್ಲಿ ದೋಣಿ ಎಲ್ಲಿರಬೇಕು ಅಂತಾನೂ ಷರತ್ತು ಇರುತ್ತೆ. ಅದಕ್ಕೇ ಎಷ್ಟೋ ಜನ ದಕ್ಷಿಣದ ಟ್ರಿನಿಡಾಡ್‌ಗೆ ಹೋಗಿ ದೋಣಿ ದಡ ಹತ್ತಿಸಿಬಿಡ್ತಾರೆ. ಇಬ್ಬರ ಲೆಕ್ಕಾನೂ ಒಂದೇ: ಮೊದಲು ಜಾಗ, ಆಮೇಲೆ ವಿಮೆ. ನಾವು ತಲೆಕೆಳಗು ಮಾಡಿದ್ವಿ.

ನಿಮ್ಮ ಊರಿನ ಜಾಗ ನೋಡ್ಕೊಳ್ಳಿ. ಹೊಳೆನರಸೀಪುರದಲ್ಲಿ ಹೇಮಾವತಿ ದಡದಲ್ಲಿದ್ರೆ, ಗೊರೂರು ಡ್ಯಾಂನಿಂದ ನೀರು ಬಿಡ್ತಾರೆ ಅನ್ನೋ ಎಚ್ಚರಿಕೆ ಬಂದಾಗಲೇ ಗಾಡಿ ಮೇಲಕ್ಕೆ ತನ್ನಿ. ಚನ್ನರಾಯಪಟ್ಟಣ ಕಡೆ ಕೆರೆ ಕೋಡಿ ಬಿದ್ರೆ ನೀರು ಯಾವ ದಾರಿ ಹಿಡಿಯುತ್ತೆ ಅಂತ ಹಿರಿಯರನ್ನ ಕೇಳಿ. ಹಾಸನದ ಅಪಾರ್ಟ್‌ಮೆಂಟ್‌ನಲ್ಲಿದ್ರೆ ಬೇಸ್‌ಮೆಂಟ್ ಬೇಡ. ತುಂಬಾ ದಿನ ನಿಲ್ಲಿಸೋದಾದ್ರೆ ಬ್ಯಾಟರಿ ವೈರ್ ಬಿಚ್ಚಿ, ಹ್ಯಾಂಡ್‌ಬ್ರೇಕ್ ಬದಲು ಚಕ್ರಕ್ಕೆ ಕಲ್ಲು ಕೊಡಿ. ಟಾರ್ಪಾಲು ಬಿಗಿಯಾಗಿ ಸುತ್ತಬೇಡಿ, ಒಳಗೇ ತೇವ ಕೂರುತ್ತೆ.

ಇನ್ನು ಪಾಲಿಸಿ. ಕಾನೂನಿಗೆ ಬೇಕಾಗಿರೋದು ಥರ್ಡ್ ಪಾರ್ಟಿ ಮಾತ್ರ. ಅದು ನಿಮ್ಮ ಗಾಡಿ ಮುಳುಗಿದ್ರೆ ಒಂದು ರೂಪಾಯೀನೂ ಕೊಡಲ್ಲ. ಕಾಂಪ್ರಹೆನ್ಸಿವ್ ಇದ್ರೆ ಪ್ರವಾಹ, ಬಿರುಗಾಳಿ ಸೇರುತ್ತೆ. ಎಂಜಿನ್ ಪ್ರೊಟೆಕ್ಟ್ ಅನ್ನೋ ಆಡ್-ಆನ್ ಬೇರೆ ಇದೆ. ಹಳೇ ಗಾಡಿಗೆ ಸಿಗದೇ ಇರಬಹುದು, ಅದಕ್ಕೂ ಷರತ್ತುಗಳಿವೆ, ಓದಿ. ಐಡಿವಿಯನ್ನೂ ನೋಡಿ. ಗಾಡಿ ಪೂರ್ತಿ ಹಾಳಾದ್ರೆ ಲೆಕ್ಕ ಶುರುವಾಗೋದು ಅಲ್ಲಿಂದ. ಪ್ರೀಮಿಯಂ ಉಳಿಸೋಕೆ ಅದನ್ನ ಇಳಿಸಬೇಡಿ.

ನೀರು ಬಂದೇಬಿಟ್ರೆ? ಕೀ ಮುಟ್ಟಬೇಡಿ, ಗಾಡಿ ತಳ್ಳಿ ಸ್ಟಾರ್ಟ್ ಮಾಡಬೇಡಿ. ನೀರು ಎಲ್ಲಿವರೆಗೆ ಬಂದಿತ್ತು ಅಂತ ಫೋಟೋ, ವಿಡಿಯೋ ತೆಗೀರಿ. ಕಂಪನಿಗೆ ತಕ್ಷಣ ತಿಳಿಸಿ, ಗಾಡಿಯನ್ನ ಎತ್ತಿಸಿಕೊಂಡೇ ವರ್ಕ್‌ಶಾಪಿಗೆ ತಗೊಂಡು ಹೋಗಿ. ಕ್ಲೇಮ್ ತಿರಸ್ಕರಿಸಿದ್ರೆ ಮೊದಲು ಕಂಪನಿಗೇ ಬರವಣಿಗೇಲಿ ದೂರು ಕೊಡಿ. ಉತ್ತರ ಸರಿ ಇಲ್ಲ, ಅಥವಾ ಒಂದು ತಿಂಗಳಾದ್ರೂ ಬರಲಿಲ್ಲ ಅಂದ್ರೆ ಬೆಂಗಳೂರಿನ ವಿಮಾ ಲೋಕಪಾಲರ ಕಚೇರಿ ಇದೆ. ಅಲ್ಲಿಗೆ ಒಂದು ವರ್ಷದೊಳಗೆ ಹೋಗಬೇಕು. ಶುಲ್ಕ ಇಲ್ಲ, ವಕೀಲರೂ ಬೇಡ.

ಮಾವ ಈಗಲೂ ಗಾಡಿ ಓಡಿಸ್ತಾರೆ. ಬಳೆ ಬಿಡಿಸ್ಕೊಂಡಿದ್ದಾಯ್ತು. ಕಾವೇರಿ ಏರ್ತಾಳೆ ಅನ್ನೋ ಸುದ್ದಿ ಬಂದ್ರೆ ಮೊದಲು ಗಾಡಿ ದಿಣ್ಣೆ ಮೇಲೆ, ಆಮೇಲೆ ಅಕ್ಕಿ ಮೂಟೆ. ನೀವೂ ಇವತ್ತೇ ಫೋನಲ್ಲಿರೋ ಆ ಪಾಲಿಸಿ ಪಿಡಿಎಫ್ ತೆಗೆದು ಒಂದು ಸಲ ಓದಿ. ಮತ್ತೆ ಸಿಗೋಣ.