ಬೆಳ್ಳಕ್ಕಿಯ ಬಿಳುಪು

ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿರುವ ಅಣೆಕಟ್ಟಿನ ಹಿನ್ನೀರು ಬೇಸಗೆಯಲ್ಲಿ ಇಳಿಯುತ್ತ ಬಂದಂತೆ ಅಂಚಿನಲ್ಲಿ ತೆಳುನೀರೂ ಕೆಸರೂ ಉಳಿಯುವುವು. ಅದೇ ಹೊಳೆಯ ಕೆಳಗೆ, ಗೋಕಾಕ ತಾಲ್ಲೂಕಿನ ಧೂಪದಾಳದ ಹಳೆಯ ಒಡ್ಡಿನ ಹಿಂದೆಯೂ ಹೀಗೆಯೇ. ಘಟಪ್ರಭೆಯ ಆ ಪ್ರದೇಶ 1974ರಲ್ಲಿ ಪಕ್ಷಿಧಾಮವಾಯಿತು. ಇಂತಹ ನೀರಿನಲ್ಲಿ ಬೆಳ್ಳಕ್ಕಿ, ಬೂದುಬಣ್ಣದ ಬಕ, ಕರಿಯ ನೀರುಕಾಗೆ ಮೊದಲಾದ ಬೇರೆ ಬೇರೆ ಜಾತಿಯ ಹಕ್ಕಿಗಳು ಒಂದೆಡೆ ಸೇರಿ ಮೇಯುವುದುಂಟು. ದೂರದಿಂದ ನೋಡಿದರೆ ನಮ್ಮ ಕಣ್ಣಿಗೆ ಮೊದಲು ಬೀಳುವುದು ಬೆಳ್ಳಕ್ಕಿಯೇ.

ಹಕ್ಕಿಯ ಬಣ್ಣ ಅಡಗುವುದಕ್ಕಾಗಿ ಇರುವುದೆಂದು ಶಾಲೆಯಲ್ಲಿ ಕಲಿತೆವಷ್ಟೆ. ಹಾಗಾದರೆ ಹಸುರು ದಡದ ಮೇಲೆ ಹಾಲಿನಂತೆ ಹೊಳೆಯುವ ಈ ಹಕ್ಕಿಯ ಗತಿಯೇನು? ನೀರೊಳಗಿನ ಮೀನು ಮೇಲೆ ನೋಡಿದಾಗ ಬಿಳಿಯ ಒಡಲು ಆಕಾಶದ ಬೆಳಕಿನಲ್ಲಿ ಬೆರೆತುಹೋಗುವುದೆಂಬುದು ಒಂದು ಉತ್ತರ. ಅದರಲ್ಲಿ ಹುರುಳಿದೆ, ಆದರೆ ನಮ್ಮ ಮಟ್ಟಿಗೆ ಅದು ಅರ್ಧ ಉತ್ತರ ಮಾತ್ರ. ಉಳಿದರ್ಧವನ್ನು ಫ್ಲಾರಿಡಾದ ಜೌಗುನೆಲದಲ್ಲಿ ಜೇಮ್ಸ್ ಕುಶ್ಲನ್ ಎಂಬ ವಿಜ್ಞಾನಿ ಅರಸಿದನು. ಬಿಳಿಯ ಗೊಂಬೆಹಕ್ಕಿಗಳನ್ನೂ ಕಪ್ಪು ಛಾಯೆಯವನ್ನೂ ನೀರಿನಲ್ಲಿ ನಿಲ್ಲಿಸಿ ನೋಡಲು, ಹಾರಿಹೋಗುವ ಹಕ್ಕಿಗಳು ಬಿಳಿಯವುಗಳ ಬಳಿಗೆ ಹೆಚ್ಚಾಗಿ ಇಳಿದುವು. 1977ರಲ್ಲಿ ಅವನು ಇದನ್ನು ಪ್ರಕಟಿಸಿದನು. ಬಿಳುಪು, ಇಲ್ಲಿ ಮೇವಿದೆಯೆಂದು ಸಾರುವ ಬಾವುಟದಂತೆ! ಸಾರಬೇಕೆಂಬ ಉದ್ದೇಶ ಹಕ್ಕಿಗಿದೆಯೆಂದು ಯಾರೂ ತಿಳಿಯಬಾರದು. ಕಂಡವರು ಬರುವರು, ಅಷ್ಟೆ.

ಬಂದರೆ ಲಾಭವೇನು? ನೀರುಕಾಗೆ ಮುಳುಗಿ ಅಟ್ಟಿದ ಮೀನು ದಡದತ್ತ ಓಡಿ ಬೆಳ್ಳಕ್ಕಿಯ ಕೊಕ್ಕಿಗೆ ಸಿಕ್ಕುವುದು. ಸಣ್ಣ ಬೆಳ್ಳಕ್ಕಿ ತನ್ನ ಹಳದಿಯ ಪಾದದಿಂದ ಕೆಸರನ್ನು ಕಲಕಿದಾಗ ಎದ್ದೋಡುವ ಪ್ರಾಣಿ ನೆರೆಯವನ ಪಾಲಾಗುವುದೂ ಉಂಟು. ಗಿಡುಗ ಬಂದರೆ ನೋಡುವ ಕಣ್ಣುಗಳೂ ಹೆಚ್ಚು. ಆದರೆ ಇದು ಸಂತೆಯ ಸ್ನೇಹ: ದೊಡ್ಡದು ಚಿಕ್ಕದರ ಬಾಯಿಂದ ಮೀನನ್ನು ಕಸಿಯುವುದು. ಬಕಧ್ಯಾನವೆಂದು ನಾವು ಗೇಲಿಮಾಡುವ ಆ ನಿಶ್ಚಲತೆಯೂ ಈ ಗದ್ದಲದಲ್ಲಿ ನಡೆಯದು. ಇಷ್ಟಲ್ಲದೆ ಬಿಳಿಯ ಗರಿ ಮನುಷ್ಯನನ್ನೂ ಕರೆಯಿತು. ಪಶ್ಚಿಮದ ಹೆಂಗಸರ ಟೋಪಿಗಳಿಗಾಗಿ, ಗರಿ ಸೊಂಪಾಗಿರುವ ಗೂಡುಕಟ್ಟುವ ಕಾಲದಲ್ಲಿಯೇ ತಾಯಿಹಕ್ಕಿಗಳನ್ನು ಹೊಡೆಯುತ್ತಿದ್ದರು. ಗೂಡಿನ ಮರಿಗಳು ಹಸಿದು ಸಾಯುತ್ತಿದ್ದುವು. ಭಾರತದಿಂದ ಗರಿಗಳ ರಫ್ತು ನಿಷಿದ್ಧವಾದುದು 1902ರಲ್ಲಿ.

ಅಮೆರಿಕದ ಕಿರಿಯ ನೀಲಿಬಕದ ಮರಿ ಮೊದಲ ವರ್ಷ ಅಚ್ಚಬಿಳಿ; ಪ್ರಾಯಕ್ಕೆ ಬಂದಮೇಲೆ ನೀಲಿ. ಬಿಳಿಯ ಮರಿಯನ್ನು ಅಲ್ಲಿನ ಬೆಳ್ಳಕ್ಕಿಗಳು ನೀಲಿಯ ಹಿರಿಯನಿಗಿಂತ ಹೆಚ್ಚು ಸಹಿಸುವುವೆಂದು ಕಂಡುಬಂದಿದೆ. ನಮ್ಮ ಕೊಳದ ಬಕವನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ನಿಂತಾಗ ಕೆಸರಿನ ಕಂದು, ಗುರುತೇ ಸಿಕ್ಕದು; ಹಾರಿದೊಡನೆ ರೆಕ್ಕೆಯೆಲ್ಲ ಬಿಳುಪು. ಒಂಟಿಯಾಗಿ ಹೊಂಚುವುದೇ ಇದಕ್ಕೆ ಹೆಚ್ಚು ರೂಢಿ.

ಮುಂದಿನ ಬೇಸಗೆಯಲ್ಲಿ ಹಿಡಕಲ್ಲಿಗೆ ಹೋಗುವ ಶ್ರೋತೃಗಳು ನೀರಿಳಿದ ಅಂಚಿನಲ್ಲಿ ಮೊದಲು ಕುಳಿತ ಹಕ್ಕಿ ಯಾವ ಬಣ್ಣದ್ದು, ಎರಡನೆಯದು ಅದರಿಂದ ಎಷ್ಟು ದೂರದಲ್ಲಿ ಇಳಿಯಿತು ಎಂಬುದನ್ನು ಗುರುತುಹಾಕಿಕೊಳ್ಳಲಿ.